ಒಂಬತ್ತಕ್ಕೂ ಹತ್ತಕ್ಕೂ ನಡುವೆ

ಬಂದರಿನ ಹಿಂದಿನ ಗಲ್ಲಿ, ಭೋಜ ಭಂಡಾರಿಯ ಕ್ಷೌರದಂಗಡಿ.
ಅರ್ಧ ಗಡ್ಡ ತೆಗೆಸಿಕೊಂಡ ಹುಡುಗ ಕೇಳಿದ:
ಮೋನು ಬ್ಯಾರಿಗಳೇ, ನೀವು ಇಬ್ಬರನ್ನೂ ಕಂಡವರು,
ಜೆಪ್ಪುವಿನ ಲಾದ್ರು ಸಿಕ್ವೇರಾ, ಬೆಂಗ್ರೆಯ ವಾಮನ ಕರ್ಕೇರ
ಒಂದೇ ರಿಂಗಿಗೆ ಇಳಿದರೆ ಗೆಲ್ಲುವುದು ಯಾರು?
ಪಂಥ ಎರಡು ಸೋಡಾ, ಒಂದು ಪ್ಲೇಟು ಗೋಳಿಬಜೆ.

ನೋಡು ಮಾರಾಯ, ಒಬ್ಬ ಅರುವತ್ತೊಂದರ ಹೆವಿವೇಯ್ಟ್,
ಇನ್ನೊಬ್ಬ ಎಂಬತ್ತೆಂಟರವ.
ಇವನು ಮೊದಲ ಗ್ಲೌಸು ಕಟ್ಟುವಾಗ ಅವನಿಗೆ ಮಂಡಿನೋವು,
ಇಗರ್ಜಿಯ ಮೆಟ್ಟಿಲನ್ನು ಎರಡು ಸಲ ಕೂತು ಹತ್ತುತ್ತಿದ್ದ.
ಆದರೂ ಕೇಳಿದಿ. ಹೇಳುತ್ತೇನೆ.

ಮೊದಲು ತೂಕ.
ಲಾದ್ರುವನ್ನು ತೂಗಿದ್ದು ಮೆಣಸಿನ ಗೋದಾಮಿನ ತಕ್ಕಡಿಯಲ್ಲಿ,
ಒಂದು ತಟ್ಟೆಗೆ ಅವನು, ಇನ್ನೊಂದಕ್ಕೆ ತೂಕದ ಕಲ್ಲುಗಳು,
ಕಲ್ಲು ಸಾಲದೆ ಕೊನೆಗೆ ಒಂದು ಚೀಲ ಉಪ್ಪು.
ವಾಮನನನ್ನು ತೂಗಿದ್ದು ಧಕ್ಕೆಯ ಮೀನಿನ ಕಾಟಾದಲ್ಲಿ,
ಮುಳ್ಳು ತೊಂಬತ್ತೆಂಟಕ್ಕೆ ನಿಂತು ನಡುಗಿತು;
ಅದರಲ್ಲಿ ಎರಡು ಕಿಲೋ ಮಂಜುಗಡ್ಡೆಯ ನೀರೆಂದು
ಎದುರು ಪಾರ್ಟಿಯ ತಗಾದೆ.
ಮಣಕ್ಕೂ ಕಿಲೋಗೂ ಕುಸ್ತಿ ಹಿಡಿಸುವವರು ನೀವು,
ಕಲ್ಲು ಯಾರದ್ದೆಂದು ಕೇಳುವವರಿಲ್ಲ.

ಒಂದನೇ ಸುತ್ತು ವಾಮನನದ್ದು.
ಅವನದ್ದು ದೋಣಿಯಲ್ಲಿ ಕಲಿತ ಕಾಲು,
ನೆಲ ಅಲುಗದಿದ್ದರೂ ಅಲುಗಿದ ಹಾಗೆ ನಿಲ್ಲುತ್ತಾನೆ,
ಹೊಡೆಯಲು ಹೋದರೆ ಆ ಜಾಗದಲ್ಲಿ ಇರುವುದಿಲ್ಲ.
ಎರಡನೆಯದೂ ಅವನದ್ದೇ.
ಮೂರರಲ್ಲಿ ಲಾದ್ರು ಸ್ವಲ್ಪ ನಗುತ್ತಾನೆ. ಅದು ಒಳ್ಳೆಯ ಲಕ್ಷಣವಲ್ಲ.
ಹಂಚಿನ ಕಾರ್ಖಾನೆಯ ಭಟ್ಟಿಯ ಬಾಯಲ್ಲಿ ಹನ್ನೊಂದು ವರ್ಷ ನಿಂತವ,
ಒಡೆದ ಹಂಚಿನ ಹುಡಿ ತುಂಬಿದ ಗೋಣಿಯನ್ನು
ಗುದ್ದಿ ಗುದ್ದಿ ಬೆರಳಗಂಟು ಕೆಂಪು,
ಮಿಂದರೂ ಹೋಗದ ಕೆಂಪು.
ನಾಲ್ಕರಲ್ಲಿ ಪಕ್ಕೆಗೆ ಒಂದು.
ಒದ್ದೆ ಮಣ್ಣಿಗೆ ತೆಂಗಿನಕಾಯಿ ಬಿದ್ದ ಹಾಗೆ.
ದೊಡ್ಡ ಸದ್ದೇನಲ್ಲ,
ಆದರೆ ಮನೆಯೊಳಗಿದ್ದವರು ಒಮ್ಮೆ ಮಾತು ನಿಲ್ಲಿಸುತ್ತಾರೆ.

ಭೋಜ ಕತ್ತಿ ಎತ್ತಿ ಹಿಡಿದು ನಿಂತಿದ್ದಾನೆ.
ಹುಡುಗನ ಕೆನ್ನೆಯಲ್ಲಿ ನೊರೆ ಒಣಗುತ್ತಾ ಉಂಟು.

ಐದು, ಆರು ನನಗೆ ಸರಿಯಾಗಿ ಕಾಣುವುದಿಲ್ಲ,
ಹೊಗೆ ಜಾಸ್ತಿ; ಆಗ ಎಲ್ಲರೂ ಬೀಡಿ ಎಳೆಯುತ್ತಿದ್ದರು,
ಮುಂದಿನ ಸಾಲಿನಲ್ಲಿ ಪಾದ್ರಿಗಳೂ.
ಏಳರಲ್ಲಿ ಲಾದ್ರು ಬಿದ್ದ.
ಹೌದು, ಲಾದ್ರುವೇ. ಎಡಗೈಗೆ ಕಾದವನಿಗೆ ಬಲಗೈ ಬಂತು.
ಮೊಣಕಾಲು, ಅಂಗೈ, ಕೊನೆಗೆ ಹಣೆ.
ಎಣಿಸುವವ ನಾನು.
ಒಂದು. ಎರಡು.

ಇಲ್ಲಿ ಒಂದು ಮಾತುಂಟು, ಯಾರಿಗೂ ಹೇಳದ್ದು.
ಅರುವತ್ತೊಂದರಲ್ಲಿ, ಮೈದಾನದ ಚಪ್ಪರದಲ್ಲಿ,
ಕೊಚ್ಚಿಯ ಹಡಗಿನವನೆದುರು ಲಾದ್ರು ಹೀಗೆಯೇ ಬಿದ್ದಿದ್ದ.
ನನಗೆ ಹತ್ತೊಂಬತ್ತು. ಕೈಯಲ್ಲಿ ಧಣಿಗಳ ಗಡಿಯಾರ.
ಎಂಟಕ್ಕೆ ಅವನ ಕಣ್ಣು ತೆರೆಯಿತು, ನನ್ನನ್ನು ನೋಡಿತು.
ಒಂಬತ್ತು ಎಂದೆ.
ಮತ್ತೆ ಗಂಟಲಲ್ಲಿ ಕಫ ಇದ್ದವನ ಹಾಗೆ ಕೆಮ್ಮಿದೆ.
ಒಂದು ಕೆಮ್ಮು, ಅಷ್ಟೇ.
ಎದ್ದ. ಮುಂದಿನದು ನಿಮಗೆ ಗೊತ್ತುಂಟು,
ಆ ಬೆಳ್ಳಿಯ ಕಪ್ ಈಗಲೂ ಅವನ ಮಗಳ ಷೋಕೇಸಿನಲ್ಲಿ,
ಒಳಗೆ ಗುಬ್ಬಿ, ಸೂಜಿ, ಹೊಲಿಗೆಯ ನೂಲು.

ಆ ಕೊಚ್ಚಿಯವನ ಹೆಸರೆಂತ?
ಅರುವತ್ತು ವರ್ಷದಿಂದ ಕಂಡಕಂಡ ಹಡಗಿನವರನ್ನು ಕೇಳಿದ್ದೇನೆ.
ಸೋತವನ ಹೆಸರು ಯಾರೂ ಬರೆದಿಡಲಿಲ್ಲ.

ವಾಮನನಿಗೆ ನಾನು ಯಾವತ್ತೂ ಕೆಮ್ಮಲಿಲ್ಲ.
ಅವನು ಬೀಳಲೇ ಇಲ್ಲ, ರಿಂಗಿನಲ್ಲಿ.
ತೊಂಬತ್ತಾರರ ಜೂನಿನಲ್ಲಿ ಅಳಿವೆಬಾಗಿಲಲ್ಲಿ ದೋಣಿ ಮಗುಚಿದಾಗ
ದಡದಲ್ಲಿ ನಿಂತು ಎಣಿಸಿದೆ,
ಹತ್ತು ದಾಟಿದರೂ ನಿಲ್ಲಿಸಲಿಲ್ಲ, ನೂರು, ನಾನೂರು,
ಗಂಟೆ ಬಾರಿಸುವವರಿರಲಿಲ್ಲ.

ಈಗ ಎಣಿಕೆ ಎಲ್ಲಿಯವರೆಗೆ ಬಂದಿತ್ತು? ಎರಡು.
ಲಾದ್ರು ಕೆಳಗೆ. ವಾಮನ ಮೂಲೆಯಲ್ಲಿ ಹಗ್ಗ ಹಿಡಿದು ನಿಂತಿದ್ದಾನೆ,
ಅವನ ಕೂದಲಿನಿಂದ ನೀರು ಇಳಿಯುತ್ತಾ ಉಂಟು.
ಮೂರು. ನಾಲ್ಕು.
ಹುಡುಗ, ನಿನ್ನ ಇನ್ನೊಂದು ಕೆನ್ನೆ ಮುಗಿಸಿಕೊ.
ಗೋಳಿಬಜೆ ತರಿಸು, ಬಿಸಿ ಇರುವುದನ್ನು.
ನನಗೀಗ ನಿಜವಾದ ಕೆಮ್ಮು, ವಯಸ್ಸಿನದ್ದು,
ಯಾವಾಗ ಬರುತ್ತದೆಂದು ನಾನೇ ಹೇಳಲಾರೆ.