ಬೀಜಗಣಿತ

ಪುಸ್ತಕದ ಮೇಲೆ ಬೀಜಗಣಿತ ಅಂತ ಬರೆದಿತ್ತು.
ನಗು ಬಂತು ನನಗೆ. ಇದು ನನಗೆ ಬರ್ತದೆ ಮಾರಾಯ್ತಿ,
ಹದಿನಾಲ್ಕು ವರ್ಷದಿಂದ ಬಜಾಲಿನ ಫ್ಯಾಕ್ಟರಿಯಲ್ಲಿ
ಇನ್ನೆಂತ ಮಾಡಿದ್ದು ನಾನು?

ಪ್ರಜ್ವಿತಾ ನಗಲಿಲ್ಲ. ಹತ್ತು ಬೀಜೋಕ್ತಿ ಕೊಟ್ಟಿದ್ದಾರೆ,
ವಿಂಗಡಿಸಬೇಕು, ನಾಳೆ ತೋರಿಸಬೇಕು.
ಒಂದು ಪದ ಇದ್ದರೆ ಏಕಪದೋಕ್ತಿ,
ಎರಡಾದರೆ ದ್ವಿಪದೋಕ್ತಿ, ಮೂರಾದರೆ ತ್ರಿ.

ಪದ ಒಂದೋ ಎರಡೋ ಅಂತ ಹೇಗೆ ಗೊತ್ತಾಗ್ತದೆ?
ನಡುವೆ ಪ್ಲಸ್ಸೋ ಮೈನಸ್ಸೋ ಬರುವ ತನಕ ಒಂದೇ.
ಏಳು ಎಕ್ಸ್ ವೈ?
ಅದೂ ಒಂದೇ, ಗುಣಿಸಿ ಅಂಟಿಕೊಂಡಿವೆಯಲ್ಲ.

ಸರಿ. ಇಡೀ ಬೀಜದೊಳಗೂ ಎರಡು ಹೋಳು,
ಅಂಟಿಕೊಂಡಿರುವಷ್ಟು ಹೊತ್ತು
ಮುನ್ನೂರಿಪ್ಪತ್ತರ ಡಬ್ಬಿಗೆ.
ಉಗುರು ತಾಗಿ ಬಿಟ್ಟುಕೊಂಡಿತೋ,
ರೇಟು ಬೇರೆ, ಡಬ್ಬಿ ಬೇರೆ,
ಸೂಪರ್‌ವೈಸರನ ಮುಖವೂ ಬೇರೆ.

ಎಂಟು ಸರಿಯಾಗಿ ಹಾಕಿದಳು. ಮುಂದಿನ ಪುಟ:
ಸಜಾತಿ ಪದ, ವಿಜಾತಿ ಪದ.

ಅಕ್ಕಿ ತೊಳೆಯುವ ಕೈ ನಿಂತಿತು.
ಇದನ್ನೂ ಶಾಲೆಯಲ್ಲಿ ಕಲಿಸ್ತಾರಾ?

ಅದಲ್ಲಮ್ಮ.
ಮೂರು ಎಕ್ಸ್, ಐದು ಎಕ್ಸ್ ಸಜಾತಿ, ಕೂಡಿಸಬಹುದು.
ಮೂರು ಎಕ್ಸ್, ಐದು ವೈ ವಿಜಾತಿ, ಕೂಡಿಸಲಿಕ್ಕಿಲ್ಲ.
ಕೂಡಿಸಿದರೆ?
ಕೆಂಪು ಗೆರೆ.
ಮತ್ತೆ ಎಂತ ಮಾಡುವುದು ಅವನ್ನು?
ಎಂತ ಇಲ್ಲ, ನಡುವೆ ಒಂದು ಪ್ಲಸ್ ಹಾಕಿ
ಹಾಗೇ ಬಿಡುವುದು. ಅದೇ ಉತ್ತರ.

ನಮ್ಮ ಮೇಜಲ್ಲಿ ಐಸಮ್ಮ, ಸೆವ್ರಿನ್ ಬಾಯಿ, ನಾನು.
ಮಧ್ಯಾಹ್ನ ಮೂರು ಬುತ್ತಿ ಬಿಚ್ಚಿದರೆ
ಬಂಗುಡೆಯ ಗಸಿ ಯಾರದ್ದೆಂದು ಮುಚ್ಚಳಕ್ಕೆ ಮಾತ್ರ ಗೊತ್ತು.
ಸಂಜೆ ಐದೂವರೆಗೆ ಮೂರು ಬಸ್ಸು.
ತ್ರಿಪದೋಕ್ತಿ, ಅಂದೆ ಮೆಲ್ಲಗೆ.
ಎಲ್ಲಿ, ಯಾವ ಲೆಕ್ಕ? ಅಂತ ಪುಟ ಹುಡುಕಿದಳು.

ಕೊನೆಯದ್ದನ್ನು ಗಟ್ಟಿಯಾಗಿ ಓದಿದಳು:
ಒಂದು ಸಂಖ್ಯೆಯ ಮೂರರಷ್ಟಕ್ಕೆ
ಐದು ಸೇರಿಸಿದರೆ ಇಪ್ಪತ್ತಾರು.
ಏಳು, ಅಂದೆ, ಒಲೆಯ ಕಡೆ ತಿರುಗಿಕೊಂಡೇ.

ಅವಳಿಗೆ ಸಿಟ್ಟು. ಬರೀ ಉತ್ತರಕ್ಕೆ ಮಾರ್ಕಿಲ್ಲ,
ಕ್ರಮ ಬೇಕು, ಕ್ರಮ ಹೇಳು.

ಕ್ರಮವೆಂತ? ಶನಿವಾರ ಕವರು ಕೈಗೆ ಬಂದಾಗ
ಬಸ್ಸಿನಲ್ಲಿ ನಿಂತು ಹಿಂದಕ್ಕೆ ನಡೆಯುತ್ತೇನೆ:
ಮೇಲೆ ಕೊಟ್ಟ ಐದನ್ನು ಮೊದಲು ತೆಗೆ,
ಉಳಿದದ್ದನ್ನು ಮೂರು ಕಿಲೋಗೆ ಹಂಚು,
ಕಿಲೋಗೆ ಎಷ್ಟು ಹಿಡಿದರೆಂದು ಗೊತ್ತಾಗ್ತದೆ.

ಪೆನ್ಸಿಲು ಸ್ವಲ್ಪ ಹೊತ್ತು ಸುಮ್ಮನಿತ್ತು.
ಆಮೇಲೆ ಮೇಲಿನ ಸಾಲಲ್ಲಿ ಬರೆದಳು,
ಆ ಸಂಖ್ಯೆಯು ಎಕ್ಸ್ ಆಗಿರಲಿ.

ಆಗಿರಲಿ, ಅಂದೆ ನಾನೂ.