ಮುಟ್ಟಿದ್ದಕ್ಕೆ ಸಹಿ

ಕೌಲ್ ಬಜಾರಿನ ಜೀನ್ಸ್ ಘಟಕಗಳ ಹಿಂಬಾಗಿಲಲ್ಲಿ
ಕಿಲೋ ಲೆಕ್ಕದಲ್ಲಿ ತೂಗಿ ತಂದ ಚಿಂದಿ:
ಮೊಣಕಾಲಿನವು, ಜೇಬಿನವು,
ಯಾರೂ ತೊಡುವ ಮೊದಲೇ ಮಾಸಿದವು.
ಮಾಸಿದಂತೆ ಕಾಣಲೆಂದೇ ಕಲ್ಲು ಹಾಕಿ ಒಗೆದವು.
ಅದರಲ್ಲೇ ಕೌದಿ ಹೊಲಿಯುತ್ತೇನೆ.
ನಮ್ಮತ್ತೆಯ ಕಾಲಕ್ಕೆ ಕೌದಿಯೆಂದರೆ ಹಳೆಯ ಸೀರೆ,
ಬೆರಳು ಹೇಳಿದಲ್ಲಿ ಸೂಜಿ ಹೋಗುತ್ತಿತ್ತು.
ಈಗ ವಾರಕ್ಕೆರಡು ಸೂಜಿ ಮುರಿಯುತ್ತವೆ.

ಮಾರಾಟವೆಲ್ಲ ಫೋನಿನಲ್ಲಿ.
ತಂಗಿಯ ಮಗ ಗಾದಿಲಿಂಗ ಫೋಟೋ ಹಿಡಿಯುತ್ತಾನೆ,
ಅವರ ಪಾಲು ಕಳೆದು ನಮಗೆಷ್ಟು ಉಳಿಯಿತೆಂದು
ಕ್ಯಾಲೆಂಡರಿನ ಅಮಾವಾಸ್ಯೆಯ ಪಕ್ಕ ಗೀಚುತ್ತಾನೆ.

ಛಟ್ಟಿ ಅಮಾವಾಸ್ಯೆ ಕಳೆದ ವಾರ
ಗದಗಿನ ಸುಲೋಚನಾ ಕಮತರ
ಹಣ ಕಟ್ಟಿ, ಆಮೇಲೆ ಬರೆದಳು:
"ಅಕ್ಕಾ, ಇದು ಉಡುಗೊರಿ. ನಮ್ಮನಿಗಿ ಬ್ಯಾಡ.
ಸಿಂಧನೂರಿನಾಚೆ ಕ್ಯಾಂಪಿಗೆ ಕಳಸ್ರಿ,
ಮೂರನೇ ಉಪಕಾಲುವೆ ದಾಟಿ, ಅಕ್ಕಿ ಗಿರಣಿ ಎದುರಿಗೆ.
ಬಾಣಂತಿ ಅದಾಳ.
ಬಿಲ್ಲು ಒಳಗ ಇಡಬ್ಯಾಡ್ರಿ. ನನ್ನ ಹೆಸರೂನೂ."

ಗಾದಿಲಿಂಗ ನಿಯಮ ಓದುವ ಹುಡುಗ.
"ಕೊಂಡೋರ ವಿಳಾಸಕ್ಕ ಹೋದ್ರ ಮಾತ್ರ ನಮಗ ರಕ್ಷಣೆ, ದೊಡ್ಡವ್ವ.
ದಾರಿ ತಪ್ಪಿಸಿ ಕಳಿಸಿ ನಾಳೆ ತಕರಾರು ಬಂತಂದ್ರ
ಕೌದಿನೂ ಇಲ್ಲ, ರೊಕ್ಕನೂ ಇಲ್ಲ.
ರದ್ದು ಮಾಡಿ, ಆ ವಿಳಾಸ ಹಾಕಿ
ಇನ್ನೊಮ್ಮೆ ತಗೋ ಅಂತ ಹೇಳು."
ಹೇಳಿದೆ.
ಎರಡು ದಿನ ಉತ್ತರವಿಲ್ಲ.
ಬಾಣಂತಿಯ ಚಳಿಗೆ ನಿಯಮ ಓದಿ ಹೇಳುವವರು ಯಾರು?
ಕಟ್ಟಿಬಿಟ್ಟೆ.
ಬಿಲ್ಲು ತೆಗೆದೆ, ದರದ ಚೀಟಿ ಕತ್ತರಿಸಿದೆ.
ಮೂಲೆಯಲ್ಲಿ ನಮ್ಮ ಗುರುತು ಮಾತ್ರ ಉಳಿಯಿತು:
ಕೆಂಪು ದಾರದ ಹಕ್ಕಿಗಾಲು, ಅದರಡಿ ನಮ್ಮ ನಂಬರು.
ಕೊರಿಯರಿನ ಖಾಜಾಹುಸೇನ ಎತ್ತಿಕೊಂಡು
"ಏನವ್ವ, ಕಲ್ಲು ತುಂಬಿಯೇನು?" ಎಂದ.

ಇಪ್ಪತ್ತೆರಡನೇ ದಿನ ತಕರಾರು:
ವಸ್ತು ನನಗೆ ಮುಟ್ಟಿಲ್ಲ.
ಕಾರ್ಡು ಅವಳದಲ್ಲ, ಎಂ. ವಿ. ಕಮತರ ಎಂಬವರದು.
ಗಂಡನೋ, ಅಣ್ಣನೋ,
ಅವನ ಹಿಂದೆ ಬಾಗಿಲ ಮರೆಗೆ ನಿಂತು ಅವಳೋ.

ಸುಳ್ಳೆಂದು ಹೇಗೆ ಹೇಳಲಿ?
ಮುಟ್ಟಿಲ್ಲ, ಖರೇ.
ಕೊಟ್ಟವರ ಕೈಗೇ ಮುಟ್ಟುವಂತಿದ್ದರೆ
ಅದನ್ನು ಉಡುಗೊರೆ ಎಂದು ಯಾಕೆ ಕರೆಯಬೇಕಿತ್ತು?
ಮದುವೆ ಮನೆಯಲ್ಲಿ ಆಯೇರಿ ಬರೆಯುವವನು
ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುತ್ತಾನೆ.
ಪಡೆದವರು ಸಹಿ ಹಾಕಿದ್ದನ್ನು ಕಂಡವರಿಲ್ಲ.
ಇಲ್ಲಿ ಕೇಳುತ್ತಾರೆ:
ಕೊಟ್ಟವರೂ ಪಡೆದವರೂ ಒಬ್ಬರೇ ಎಂಬುದಕ್ಕೆ ಪುರಾವೆ.

ಅದೇ ಸಂಜೆ ಕ್ಯಾಂಪಿನಿಂದ ಫೋನು.
ಅರ್ಧ ತೆಲುಗು, ಅರ್ಧ ಕನ್ನಡ, ನಡುವೆ ಕೂಸಿನ ಬಿಕ್ಕಳಿಕೆ.
"ಹಕ್ಕಿಗಾಲಿನ ಕೆಳಗೆ ನಿಮ್ ನಂಬರಿತ್ತು.
ಯಾರಮ್ಮಾ ಕಳ್ಸಿದ್ದು?
ನನಗೆ ಹಿಂಗೆ ಕಳ್ಸೋರು ಯಾರೂ ಇಲ್ಲ."

ಗಾದಿಲಿಂಗ ಕೈಸನ್ನೆ ಮಾಡುತ್ತಿದ್ದಾನೆ:
ಹೆಸರು ಹೇಳು, ಮುಟ್ಟಿದೆ ಅಂತ ಬರೆಸಿಕೋ,
ಕೌದಿ ಹೊದ್ದ ಫೋಟೋ ಕೇಳು.
ಏಳು ದಿನದ ಗಡುವು, ಹದಿನೆಂಟು ನೂರು ರೂಪಾಯಿ.

ಬಾಯಿ ತುದಿಗೆ ಬಂದಿತ್ತು ಹೆಸರು.
"ಬೆಚ್ಚಗೈತೇನವ್ವ?" ಎಂದೆ.
"ಭಾರ ಇದೆ."
"ನಾಕು ಒಗೆತಕ್ಕ ಮೆತ್ತಗಾಗ್ತೈತಿ.
ಕೂಸಿನ ಎದಿ ಮ್ಯಾಲ ಮಾತ್ರ ಈಗಲೇ ಹೊದಿಸಬ್ಯಾಡ."

ಗಾದಿಲಿಂಗ ಎರಡು ದಿನ ಮಾತಾಡಲಿಲ್ಲ.
ಈಗ ನಾವೂ ಮೊದಲೇ ಬರೆಯುತ್ತೇವೆ:
ಉಡುಗೊರೆಯಾದರೆ ವಿಳಾಸ ಬದಲಿಸಿ, ಆಮೇಲೆ ಹಣ ಕಟ್ಟಿ.

ಎಂಟನೇ ದಿನ ದುಡ್ಡು ಹೋಯಿತು.
ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ನಿಂತ.
"ಹದಿನೆಂಟು ನೂರು. ಏನಂತ ಬರೀಲಿ?"
"ಆಯೇರಿ ಅಂತ ಬರಿ."
"ಯಾರದು?"

ದಾರ ಹಲ್ಲಿಗಿಟ್ಟು ಕಡಿದೆ.