ತಳಕ್ಕೆರಡು ಹಾಳೆ

ಎರಡು ಹಾಳೆ ಸಾಕು, ಅನ್ನುತ್ತಾಳೆ ಮಿಲ್ಡ್ರೆಡ್ ಕಾರ್ಕಮ್.
ಒಂದಾದರೆ ಸೋರುತ್ತದೆ,
ಮೂರಾದರೆ ದುಂದು.
ಮೂಲೆಗೆ ಮೂಲೆ ಕೂಡಿಸಿ ತ್ರಿಕೋನ,
ಎಡಗಿವಿ ಬಲಕ್ಕೆ, ಬಲಗಿವಿ ಎಡಕ್ಕೆ,
ಮೇಲುಳಿದ ತುದಿ ಹಿಂದಕ್ಕೆ ಮಡಿಚಿ
ಹೆಬ್ಬೆರಳ ಉಗುರಲ್ಲಿ ಗೀರಿದರೆ
ಬಾಯಿ ತೆರೆದು ಕೂರುತ್ತದೆ ಪೊಟ್ಟಣ
ಸಿಂಕಿನ ಪಕ್ಕದ ಹಸಿರು ಡಬ್ಬಿಯೊಳಗೆ.

ಲೂನೆನ್‌ಬರ್ಗಿನ ಮೀನು ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಹ್ಯಾಡಕ್ಕಿನ ಬೆನ್ನು ಬಿಡಿಸಿದ ಬೆರಳು.
ಮಡಿಕೆ ತಪ್ಪುವುದಿಲ್ಲ.

ನಾನು ಕೆಳಗಿನ ಪೆಟ್ರೋಲ್ ಬಂಕಿನವನು.
ಪಾಳಿ ಮುಗಿದ ಮೇಲೆ
ಮಾರದೆ ಉಳಿದ ಪತ್ರಿಕೆ ಕಂಕುಳಲ್ಲಿಟ್ಟು
ಇವಳ ಮೆಟ್ಟಿಲು ಹತ್ತುತ್ತೇನೆ.
ಮುಂಚೆ ದಿನಕ್ಕೆ ಹತ್ತು ಉಳಿಯುತ್ತಿತ್ತು, ಈಗ ವಾರಕ್ಕೆ ಮೂರು.
ಓದುವವರು ಹೆಚ್ಚಿದರೆಂದಲ್ಲ;
ಬರುವುದೇ ನಾಲ್ಕು.

ಬಣ್ಣದ ಜಾಹೀರಾತು ತಂದರೆ ಬೈಗುಳ.
"ಇದಕ್ಕೆ ಬಾಯಾರಿಕೆಯೇ ಇಲ್ಲ, ನೋಡು."
ಹೊಳೆಯುವ ಸೋಫಾದ ಮೇಲೆ ಚಹಾದ ನೀರು
ಗೋಲಿಯಾಗಿ ಉರುಳಿ ನೆಲಕ್ಕೆ.
ಸುದ್ದಿಯೇ ಬೇಕು ಅವಳಿಗೆ,
ಬೂದು ಬಣ್ಣದ, ಬೆರಳಿಗೆ ಮಸಿ ಹತ್ತುವ ಸುದ್ದಿ.
ಮಂತ್ರಿಯ ಭರವಸೆ
ಆಲೂಗಡ್ಡೆ ಸಿಪ್ಪೆಯ ಬೆವರನ್ನು ಎಷ್ಟು ಚೆನ್ನಾಗಿ ಹೀರುತ್ತದೆ!

ಒಂದು ಪುಟ ಮಾತ್ರ ಡಬ್ಬಿಗಿಲ್ಲ,
ತೀರಿಕೊಂಡವರ ಪುಟ.
ಅದನ್ನು ಬೇರೆ ಮಾಡಿ, ಅಂಗೈಯಲ್ಲಿ ನೀವಿ,
ಇಸ್ತ್ರಿ ಹಲಗೆಯ ಹಿಂದೆ ಪೇರಿಸುತ್ತಾಳೆ.
ಯಾಕೆಂದು ಒಮ್ಮೆ ಕೇಳಿದ್ದೆ.
"ಗುರುತಿನವರ ಮುಖದ ಮೇಲೆ ಸಿಪ್ಪೆ ಸುರಿಯೋದಾ?"

ಫೆಬ್ರವರಿಯ ಹಿಮಗಾಳಿಗೆ ಆರು ದಿನ ರಸ್ತೆ ಬಂದ್.
ಬ್ರೆಡ್ಡಿಲ್ಲ, ಹಾಲಿಲ್ಲ, ಪತ್ರಿಕೆಯೂ ಇಲ್ಲ.
ಕಾಗದವಿಲ್ಲದೆ ಹಾಕಿದ ಕಸ
ಹೆಪ್ಪುಗಟ್ಟಿ ತೊಟ್ಟಿಯನ್ನೇ ಕಚ್ಚುತ್ತದೆ;
ಲಾರಿ ಎತ್ತಿ ಕೊಡವಿದರೂ ಅರ್ಧ ಬೀಳದು.
ಕಾಗದವಿದ್ದರೋ,
ಪಳಗಿದ ಕಾವಲಿಯಿಂದ ದೋಸೆ ಎದ್ದ ಹಾಗೆ.

ಏಳನೆಯ ದಿನ ಬರಿಗೈಯಲ್ಲಿ ಬಾಗಿಲು ತಟ್ಟಿದೆ.
ಅಡುಗೆಮನೆಯಲ್ಲಿ ಮೀನಿನ ನಾತ.
ಮೇಜಿನ ಮೇಲೆ ಆ ಪುಟಗಳ ಕಟ್ಟು.
"ಕೂತುಕೋ. ನನ್ನ ಕನ್ನಡಕ ಸಾಲದು.
ಒಬ್ಬೊಬ್ಬರನ್ನೇ ಓದು."

ವರ್ನನ್ ಐಸ್ನರ್, ಎಂಬತ್ತೊಂದು, ದೋಣಿ ಎಂಜಿನ್ ರಿಪೇರಿ.
"ಟರ್ನಿಪ್ ಅಂದರೆ ಪ್ರಾಣ ಅವನಿಗೆ."
ಐವಿ ನಿಕ್ಕಲ್, ಚರ್ಚಿನ ಆರ್ಗನ್ ನುಡಿಸಿದವಳು.
"ಯಾರು ಅಪಸ್ವರ ಹಾಡಿದರೂ ನನ್ನನ್ನೇ ಗುರಾಯಿಸುತ್ತಿದ್ದಳು."
ಇಬ್ಬರನ್ನೂ ಜೋಡಿಸಿ ಮಡಿಚಿದಳು.
"ಇದ್ದಾಗ ಮಾತಿರಲಿಲ್ಲ. ಈಗಲಾದರೂ."
ಟರ್ನಿಪ್ ಸಿಪ್ಪೆ, ಅದರ ಮೇಲೆ ಮೀನಿನ ಮುಳ್ಳು,
ಸ್ವಲ್ಪ ತಡೆದು,
ಐವಿಗೆಂದು ಒಂದು ಕಿತ್ತಳೆ ಸಿಪ್ಪೆ.
ಗೊತ್ತಿಲ್ಲದವರಿಗೆ ಮೊಟ್ಟೆಚಿಪ್ಪು,
"ಯಾರಿಗಾದರೂ ಆಗುತ್ತೆ."

ಕೊನೆಗೆ ಉಳಿದದ್ದು ಒಂದೇ ಹಾಳೆ.
ಎಲ್ಡನ್ ಕಾರ್ಕನ್, ಎಂದು ಓದಿ ನಿಲ್ಲಿಸಿದೆ.
"ಹೂಂ. ಹಾಗೇ ಅಚ್ಚಾಗಿದೆ.
ಐವತ್ತೆರಡು ವರ್ಷದ ಗಂಡ, ಬೇರೆ ಯಾರೋ ಆಗಿ ಸತ್ತಿದ್ದ.
ಫೋನ್ ಮಾಡಿ ಜಗಳ ಆಡಿದೆ."

ಎದ್ದು ಚಮಚದ ಡ್ರಾಯರಿನ ತಳಕ್ಕೆ ಹಾಸಿದ್ದ ಹಾಳೆ ಎಳೆದಳು.
ಚಮಚಗಳು ಕಲಕಲ ಅಂದವು.
ಮಾರನೆಯ ದಿನದ ಪತ್ರಿಕೆ:
ಸಮುದ್ರದ ಉಬ್ಬರವಿಳಿತದ ವೇಳಾಪಟ್ಟಿಯ ಕೆಳಗೆ
ಎರಡು ಸಾಲು, ಕಣ್ಣಿಗೆ ಬೀಳದಷ್ಟು ಸಣ್ಣಕ್ಷರ.
ಕಾರ್ಕಮ್ ಎಂದಿರಬೇಕಿತ್ತು, ವಿಷಾದಿಸುತ್ತೇವೆ.

ತಪ್ಪಿನ ಮೇಲೆ ತಿದ್ದುಪಡಿ ಇಟ್ಟು
ಮೂಲೆಗೆ ಮೂಲೆ ಕೂಡಿಸಿದಳು.
ಪೊಟ್ಟಣ ಬಾಯಿ ತೆರೆದು ಕೂತಿತು, ಖಾಲಿ.
ಹಾಕಲು ಸಿಪ್ಪೆ ಉಳಿದಿರಲಿಲ್ಲ.

"ಕಾಫಿ ಕುಡೀತೀಯಾ?" ಅಂದಳು.
ಹಾಲಿಲ್ಲದ ಕಾಫಿ, ಇಬ್ಬರಿಗೆ.
ಸೋಸಿ ಉಳಿದ ಚರಟವನ್ನು ಚಮಚದಲ್ಲಿ ಬಳಿದು
ಅವನಿಗೆ ಹಾಕಿದಳು.
ಹಬೆ ಏಳುತ್ತಿತ್ತು.
ಅದು ನಿಲ್ಲುವವರೆಗೆ
ಮುಚ್ಚಳ ಹಾಕಲಿಲ್ಲ.